ಗಾಳಿ ಇಲ್ಲದ ದಿನ

ಬೆಳಿಗ್ಗೆ ಎಂಟು ಗಂಟೆಗೆ, ವಾರ್ಷಿಕ ರಜೆಯಲ್ಲಿದ್ದ ಕ್ರೇನ್ ಚಾಲಕ ಅಡುಗೆಮನೆಯಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದವನು ನಿಂತಲ್ಲೇ ಬಿದ್ದ. ಕಣ್ಣು ಮೇಲಾಯಿತು, ಮೈ ಸೆಟೆದು ಅದುರಿತು. ಜಗ್ಗಿನ ಹಿಡಿಕೆಗೆ ಬಿಗಿದಿದ್ದ ಬೆರಳುಗಳನ್ನು ಬಿಡಿಸಲು ಹೆಂಡತಿ ಒದ್ದಾಡಿದಳು, ಆಗಲಿಲ್ಲ. ಅದುರುವುದು ನಿಂತ ಮೇಲೆ ಅವು ತಾವಾಗಿಯೇ ಸಡಿಲಗೊಂಡವು.

ಮಧ್ಯಾಹ್ನ ಬಾಮೈದ ಬಂದು ಆಸ್ಪತ್ರೆಯ ಮಂಚದ ಪಕ್ಕ ಕುಳಿತ. ಅದೇ ಕ್ರೇನಿನ ಕೆಳಗೆ ನಿಂತು, ಕಾಂಕ್ರೀಟ್ ತುಂಬಿದ ಬಕೆಟ್ಟಿಗೆ ಕೊಕ್ಕೆ ಸಿಕ್ಕಿಸುವವನು ಅವನು. ಕಾರ್ಮಿಕ ಸಂಘದ ಕಾರ್ಯದರ್ಶಿಯೂ ಹೌದು. ಭಾವ ಕಣ್ಣು ಬಿಟ್ಟದ್ದೇ ತಡ, ಅವನ ಬಾಯಿಗೂ ಜೀವ ಬಂತು.

"ಅಲ್ಲ ಭಾವ, ವರ್ಷವಿಡೀ ಗುಂಡುಕಲ್ಲಿನ ಹಾಗಿದ್ದು, ರಜೆ ಹಾಕಿದ ಮೇಲೆ ಬೀಳೋದಾ? ಕಂಪನಿಗೆ ಎಷ್ಟು ಅನುಕೂಲ ನೋಡಿ! ಆದ್ರೆ ನಾನು ಬಿಡಲ್ಲ. ರಜೆಯಲ್ಲಿ ಕಾಯಿಲೆ ಬಿದ್ರೆ ಅದು ರಜೆ ಅಲ್ಲ. ಅಷ್ಟೂ ದಿನ ವಾಪಸ್ ಕೊಡ್ಬೇಕು. ಜಗಳ ಆಡಿ ಒಪ್ಪಂದದಲ್ಲಿ ಬರೆಸಿದೀವಿ."

ವೈದ್ಯರ ಚೀಟಿಯ ಫೋಟೋ ತೆಗೆದು, ಕಂಪನಿಗೆ ಸಂದೇಶ ಬರೆಯತೊಡಗಿದ.

"ಬೇಡ," ಎಂದ ಚಾಲಕ.

"ಯಾಕ್ರೀ ಬೇಡ?" ಮಂಚದ ಇನ್ನೊಂದು ಬದಿಯಲ್ಲಿದ್ದ ಹೆಂಡತಿ ಕೇಳಿದಳು. "ಬಿಟ್ಟಿ ಕೇಳ್ತಿದೀವಾ? ನಿಮ್ಮ ಹಕ್ಕು."

"ಹಾಗಾದ್ರೆ ಜ್ವರ ಅಂತ ಬರಿ."

"ಚೀಟೀಲಿ ಫಿಟ್ಸ್ ಅಂತಿದೆ, ಜ್ವರ ಅಂತ ಹೇಗೆ ಬರೀಲಿ?" ಬಾಮೈದ ನಕ್ಕ. "ಮೊದಲನೇ ಸಲ ತಾನೇ? ಪರೀಕ್ಷೆ ಮಾಡ್ತಾರೆ, ಮಾತ್ರೆ ಕೊಡ್ತಾರೆ, ಮತ್ತೆ ಕ್ರೇನ್ ಹತ್ತಿಸ್ತಾರೆ."

"ಮೊದಲನೇ ಸಲ ಅಲ್ಲ."

ಚಾಲಕ ಗೋಡೆಯ ಕಡೆ ತಿರುಗಿಕೊಂಡ. "ಹೋದ ತಿಂಗಳು ಬಕೆಟ್ ಅರ್ಧದಲ್ಲೇ ನಿಂತಿತ್ತಲ್ಲ. ಮೇಲೆ ಗಾಳಿ ಜೋರಿದೆ ಅಂದಿದ್ನಲ್ಲ."

ಬಾಮೈದನ ಬೆರಳು ಫೋನಿನ ಮೇಲೆ ಹಾಗೇ ನಿಂತಿತು. ಆ ದಿನ ಅವನಿಗೆ ನೆನಪಿತ್ತು. ಒಂದೇ ಕಡ್ಡಿಯಲ್ಲಿ ಸಿಗರೇಟು ಹೊತ್ತಿಸಿದ್ದ; ಉರಿ ಅಲುಗಿರಲಿಲ್ಲ. ಮೇಲಿನ ಗಾಳಿ ಕೆಳಗಿನವರಿಗೇನು ಗೊತ್ತು ಎಂದುಕೊಂಡು, "ಏನ್ ಭಾವ, ನಿದ್ದೆನಾ?" ಎಂದು ವಾಕಿಟಾಕಿಯಲ್ಲಿ ತಮಾಷೆಯನ್ನೂ ಮಾಡಿದ್ದ. ತೂಗುವ ಬಕೆಟ್ಟಿನ ಕೆಳಗೆ ನಿಲ್ಲಬಾರದೆಂಬುದು ಅಲ್ಲಿನ ಮೊದಲ ನಿಯಮ. ಮೇಲಿರುವುದು ಭಾವ ಎಂಬ ಧೈರ್ಯಕ್ಕೆ ಅವನು ಸರಿದಿರಲಿಲ್ಲ.

"ಕೆಳಗೆ ನಾನಿದ್ದೆ, ಭಾವ."

"ಗೊತ್ತು. ಅವತ್ತು ಕ್ರೇನಿನ ಹಿಡಿಕೆಯಿಂದ ಕೈ ಜಾರಿತು. ಕೈ ಬಿಟ್ರೆ ಕ್ರೇನ್ ತಾನಾಗೇ ನಿಲ್ಲುತ್ತೆ. ಹಾಗಾಗಿ ಯಾರಿಗೂ ಏನೂ ಆಗಲ್ಲ ಅಂದ್ಕೊಂಡೆ. ಈ ರಜೇಲಿ ಗುಟ್ಟಾಗಿ ಡಾಕ್ಟರಿಗೆ ತೋರಿಸ್ಕೊಂಡು ಬಿಡೋಣ ಅಂತ…" ಅವನ ದನಿ ಇಳಿಯಿತು. "ನಂಗೆ ಬೇರೆ ಕೆಲಸ ಏನು ಬರುತ್ತೆ ಹೇಳು? ನೆಲದ ಮೇಲೆ ನನ್ನನ್ನ ಯಾರು ಕೇಳ್ತಾರೆ?"

ಹೆಂಡತಿ ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಆ ಬೆರಳುಗಳನ್ನು ಬಿಡಿಸಲು ಹೋಗಿ ಅವಳ ಉಗುರು ಮುರಿದಿತ್ತು.

"ಇವತ್ತು ನಿಮ್ಮ ಕೈ ಬಿಡಲೇ ಇಲ್ಲ ರೀ," ಎಂದಳು.

ತಮ್ಮನ ಕೈಯಿಂದ ಫೋನ್ ತೆಗೆದುಕೊಂಡು ಚೀಟಿಯ ಫೋಟೋ ಸಮೇತ ಸಂದೇಶ ಕಳಿಸಿದಳು. ತಡೆಯಲೆಂದು ಗಂಡ ಎತ್ತಿದ ಕೈ ಅರ್ಧಕ್ಕೇ ಇಳಿಯಿತು.

ಸಂಜೆಯೊಳಗೆ ಉತ್ತರ ಬಂತು. ರಜೆ ಪೂರ್ತಿ ವಾಪಸ್ ಜಮಾ ಆಗಿತ್ತು. ಮುಂದಿನ ಆದೇಶದವರೆಗೆ ಅವನು ಕ್ರೇನ್ ಹತ್ತುವಂತಿರಲಿಲ್ಲ.

ಮರುದಿನ ಬದಲಿ ಚಾಲಕ ಮೊದಲ ಬಕೆಟ್ ಎತ್ತಿದ. ಕೊಕ್ಕೆ ಸಿಕ್ಕಿಸಿದ ಬಾಮೈದ ದೂರ ಸರಿದು ನಿಂತು, ಕ್ಯಾಬಿನ್ನಿನ ಗಾಜಿನ ಹಿಂದೆ ಹಿಡಿಕೆಯ ಮೇಲಿನ ಕೈ ಕಾಣುತ್ತದೆಯೇ ಎಂದು ತಲೆಯೆತ್ತಿ ನೋಡಿದ. ಕೆಳಗಿನಿಂದ ಅದು ಕಾಣುವುದಿಲ್ಲ.