ಕೆಂಪು ಚುಕ್ಕೆ

ಆಸ್ಪತ್ರೆಯ ಯಂತ್ರಗಳನ್ನೆಲ್ಲ ಕ್ಲೌಡ್ ಮೂಲಕ ಕಾಯುವ ಹೊಸ ತಂತ್ರಾಂಶವನ್ನು ಶಾಹಿದಾ ಅಳವಡಿಸಿ ಮುಗಿಸಿದಳು. ಪರದೆಯ ಮೇಲೆ ಒಂದೇ ಒಂದು ಕೆಂಪು ಚುಕ್ಕೆ ಉಳಿದಿತ್ತು.

"ಸರ್, ರಕ್ತನಿಧಿಯ ಫ್ರಿಜ್ ತಣ್ಣಗಿಲ್ಲ ಅಂತ ತೋರಿಸ್ತಿದೆ. ರಕ್ತ ಕೆಟ್ಟಿರಬಹುದು."

"ಅದರ ಬಾಗಿಲ ಮೇಲೆ ನಾಲ್ಕು ಡಿಗ್ರಿ ಅಂತಲೇ ಇದೆಯಲ್ಲಮ್ಮ. ನಿನ್ನ ತಂತ್ರಾಂಶಕ್ಕೇ ಏನೋ ಆಗಿದೆ," ಎಂದು ಆಡಳಿತಾಧಿಕಾರಿ ಸಿಡುಕಿದರು. "ಉದ್ಘಾಟನೆಗೆ ಮಂತ್ರಿಗಳು ಬಂದಾಯ್ತು. ಮೊದಲು ಆ ಕೆಂಪನ್ನ ತೆಗಿ."

ಅವಳು ಎಚ್ಚರಿಕೆಯನ್ನು ಆಫ್ ಮಾಡಿದಳು. ಪರದೆ ಪೂರ್ತಿ ಹಸಿರಾಯಿತು, ಚಪ್ಪಾಳೆ ಬಿತ್ತು.

ಸಮಾರಂಭ ಮುಗಿದರೂ ಅವಳಿಗೆ ಮನಸ್ಸು ತಡೆಯಲಿಲ್ಲ. ರಕ್ತನಿಧಿಗೆ ಓಡಿ, ಫ್ರಿಜ್ ತೆರೆದು ಕೈಯಿಟ್ಟಳು. ಒಳಗೆ ಬೆಚ್ಚಗಿತ್ತು. ಒಂದು ಚೀಲ ರಕ್ತವೂ ಇರಲಿಲ್ಲ.

"ಬಸ್ ಅಪಘಾತದವರಿಗೆಲ್ಲ ಈಗಷ್ಟೇ ಏರಿಸಿದ್ವಿ ಮೇಡಂ," ಎಂದು ನರ್ಸ್ ಸಮಾಧಾನದ ಉಸಿರು ಬಿಟ್ಟಳು. "ಪುಣ್ಯಕ್ಕೆ ಅಷ್ಟೂ ಜನಕ್ಕೆ ಸಾಲ್ತು."