ಹೊಳೆ ಬರುವ ಮುನ್ನ

ಡ್ಯಾಮಿನಿಂದ ನೀರು ಬಿಡುತ್ತಾರೆ, ನಾಳೆ ಹೊಳೆ ಊರಿಗೆ ನುಗ್ಗಬಹುದು ಎಂದು ಪಂಚಾಯಿತಿಯ ಆಟೋ ಕೂಗಿಕೊಂಡು ಹೋಯಿತು. ಬಾಳವ್ವ ಗಂಡ, ಮಗ, ಸೊಸೆಯನ್ನು ಪಡಸಾಲೆಯಲ್ಲಿ ಕೂರಿಸಿದಳು. ಹೋದ ಸಲದ ನೆರೆಯಲ್ಲಿ ಎದುರು ಮನೆಯವರು ಗಡಿಬಿಡಿಯಲ್ಲಿ ಕಿವುಡಿ ಮುದುಕಿಯನ್ನು ಮರೆತು ಓಡಿದ್ದರು. ಮೂರನೇ ದಿನ ಹೆಣ ಸಿಕ್ಕಿತ್ತು. ಅವರಿಗೆ ಬಾಯಿಗೆ ಬಂದಂತೆ ಬೈದಿದ್ದ ಬಾಳವ್ವನಿಗೆ ಈಗ ಅದೇ ದಿಗಿಲು. ತನ್ನ ಮನೆಯ ಒಂದು ಜೀವವೂ ಹಿಂದೆ ಉಳಿಯಬಾರದು.

“ಆಧಾರ್ ಕಾರ್ಡು?”

“ನನ್ನ ಕಡೆ ಅದಾವ್ರಿ ಅತ್ತಿ,” ಎಂದಳು ಸೊಸೆ.

“ನಿಮ್ಮ ಮಾವನ ಸಕ್ಕರಿ ಬ್ಯಾನಿ ಗುಳಿಗಿ?”

“ಚೀಲದಾಗ ಹಾಕೀನ್ರಿ.”

“ಕೂಸು?”

“ನಾನ ಎತ್ತಿಕೊಳ್ತೀನಿ. ನಿಮ್ಮ ಮಗನ ಕೈಯಾಗ ಕೊಟ್ರ ಮೊಬೈಲ್ ಹಿಡಕೊಂಡು ಕೂಸು ಬಿಟ್ಟಾರು.”

ಎಲ್ಲರೂ ನಕ್ಕರು. ಮಗ ಮಾತ್ರ ಮುಖ ಗಂಟಿಕ್ಕಿ, “ಎಮ್ಮಿ ನಾ ಬಿಚ್ಚತೀನಿ. ಕೋಳಿ ಬುಟ್ಟಿ ಅಪ್ಪ ಹೊರತಾನ. ಇನ್ನ ಯಾರು ಉಳದ್ರು, ಯವ್ವಾ?” ಎಂದ.

ಬಾಳವ್ವ ಮತ್ತೊಮ್ಮೆ ಬೆರಳು ಮಡಚಿ ಎಣಿಸಿದಳು. “ಯಾರೂ ಇಲ್ಲ,” ಎನ್ನುತ್ತ ನಿರಾಳವಾಗಿ ಎದ್ದಳು.

ಒಳಕೋಣೆಯಿಂದ ಹಿರಿಮಗನ ದನಿ ಬಂತು: “ಯವ್ವಾ, ನನ್ನ ಕಾಲಿನ ಸರಪಳಿ ಕೀಲಿಕೈ ಯಾರ ಕಡೆ ಇರ್ತೈತಿ?”