ಮುಂದಿನ ತಾರೀಕು

“ಸುತ್ತಿಗೆ ಎಲ್ಲೇ?” ಎಂದಳು ಅಮ್ಮ, ಮಗಳ ಕೊಠಡಿಗೆ ಕಾಲಿಟ್ಟವಳೇ.

“ನಮ್ಮಲ್ಲಿ ಸುತ್ತಿಗೆ ಇರಲ್ಲಮ್ಮ.”

“ಇರಲ್ಲ ಅಂದ್ರೆ? ಮತ್ತೆ ಜನ ಸುಮ್ಮನಾಗೋದು ಹೇಗೆ? ಒಂದು ತರಿಸ್ಕೋಬಾರದಾ?”

ಮಗಳು ನ್ಯಾಯಾಧೀಶೆಯಾಗಿ ಆರು ವರ್ಷವಾಗಿತ್ತು. ಅಮ್ಮ ಅವಳ ನ್ಯಾಯಾಲಯ ನೋಡಲು ಬಂದದ್ದು ಇದೇ ಮೊದಲು. ಅಮ್ಮನ ಕಾನೂನು ವಿದ್ಯಾಭ್ಯಾಸವೆಲ್ಲ ಸಂಜೆ ಏಳೂವರೆಯ ಧಾರಾವಾಹಿಯಲ್ಲೇ ನಡೆದಿತ್ತು. ಅಲ್ಲಿಯ ನ್ಯಾಯಾಧೀಶೆ ಸುತ್ತಿಗೆ ಕುಟ್ಟಿದರೆ ಎಂಥ ಗಂಡಸಿನ ಬಾಯಿಯೂ ಬಂದ್. ಮೊನ್ನೆ ತಾನೇ ಮಂತ್ರಿಯ ಮಗನನ್ನು ಮುಲಾಜಿಲ್ಲದೆ ಜೈಲಿಗೆ ಅಟ್ಟಿದ್ದಳು, ಅದೂ ಜಾಹೀರಾತು ಬರುವುದಕ್ಕೆ ಮುಂಚೆ. “ನನ್ನ ಮಗಳೂ ಅದೇ ಕೆಲಸದಲ್ಲಿರೋದು” ಎಂದು ಅಮ್ಮ ನೆರೆಹೊರೆಯಲ್ಲೆಲ್ಲ ಡಂಗುರ ಸಾರಿ ಬಂದಿದ್ದಳು. ಹಾಗಾಗಿ ಇವತ್ತೊಂದು ದಿನ ಅಮ್ಮನ ಕಣ್ಣಿಗೆ ತಾನು ದೊಡ್ಡವಳಾಗಿ ಕಾಣಬೇಕೆಂದು ಮಗಳಿಗೆ ಆಸೆ. ವಯಸ್ಸು ನಲವತ್ತು ದಾಟಿದರೂ ಈ ಆಸೆ ಮಾತ್ರ ಬಿಡುವುದಿಲ್ಲ, ಏನು ಮಾಡುವುದು.

ಅಮ್ಮ ಹಿಂದಿನ ಬೆಂಚಿನಲ್ಲಿ ಕೂತಳು. ಪಕ್ಕದಲ್ಲಿ ಒಬ್ಬ ವಯಸ್ಸಾದ ದರ್ಜಿ. ಎಲ್ಲಿ ಕೂತರೂ ಪಕ್ಕದವರ ಪೂರ್ವಾಪರ ವಿಚಾರಿಸದೆ ಬಿಡುವ ಪೈಕಿಯವಳಲ್ಲ ಅಮ್ಮ. ಕಲಾಪ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಇಬ್ಬರದೂ ಪಿಸುಪಿಸು ನಡೆದಿತ್ತು. ಬೇರೆ ಯಾರಾದರೂ ಆಗಿದ್ದರೆ ಮಗಳು ಹೊರಗೆ ಕಳಿಸುತ್ತಿದ್ದಳು. ಹೆತ್ತವಳನ್ನು ಗದರುವ ಧೈರ್ಯ ಯಾವ ನ್ಯಾಯಪೀಠಕ್ಕಿದೆ? ಕೇಳಿಸದವಳ ಹಾಗೆ ಕೂತಳು.

ದರ್ಜಿಯ ಸರದಿ ಬಂತು. ಅಂಗಡಿಯ ಮಾಲೀಕ ಹೇಳದೆ ಕೇಳದೆ ಬಾಗಿಲಿಗೆ ಬೀಗ ಜಡಿದಿದ್ದ, ಹೊಲಿಗೆ ಯಂತ್ರ ಒಳಗೇ ಉಳಿದುಬಿಟ್ಟಿತ್ತು. ಅದೊಂದನ್ನು ಕೊಡಿಸಿದರೆ ಸಾಕು, ಎಲ್ಲಿಯಾದರೂ ಮೂಲೆಯಲ್ಲಿ ಕೂತು ಹೊಲಿದುಕೊಳ್ಳುತ್ತೇನೆ ಎಂಬುದಷ್ಟೇ ಅವನ ಕೋರಿಕೆ. ಮಾಲೀಕನ ವಕೀಲ ಎದ್ದು ನಿಂತು, “ಸ್ವಲ್ಪ ಕಾಲಾವಕಾಶ ಬೇಕು ಮೇಡಂ” ಎಂದ. ಮಗಳು ಕಡತದಿಂದ ತಲೆ ಎತ್ತದೆಯೇ ಎರಡು ತಿಂಗಳಾಚೆಯ ಒಂದು ತಾರೀಕು ಹೇಳಿದಳು. ದಿನಕ್ಕೆ ಎಪ್ಪತ್ತು ಕೇಸು, ಪ್ರತಿಯೊಂದಕ್ಕೂ ತಲೆ ಎತ್ತುತ್ತ ಕೂತರೆ ಮುಗಿಯುವುದೆಂದು? ದರ್ಜಿ ಕೈಮುಗಿದು ಹಿಂದಕ್ಕೆ ಹೋದ.

ಊಟದ ವಿರಾಮದಲ್ಲಿ ಅಮ್ಮ ಡಬ್ಬಿ ಬಿಚ್ಚಿದಳು, ಬಾಯಿ ಬಿಚ್ಚಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲವೆಂದು ಮಗಳಿಗೆ ಚಿಕ್ಕಂದಿನಿಂದಲೂ ಗೊತ್ತು.

“ಹೇಗಿತ್ತಮ್ಮ?”

“ನೀನು ಚೆನ್ನಾಗಿ ಕೂತಿದ್ದೆ. ಬೆನ್ನು ನೆಟ್ಟಗಿತ್ತು.”

“ಅಷ್ಟೇನಾ?”

“ಆ ದರ್ಜಿ ಪಾಪ, ಇದು ಹನ್ನೊಂದನೇ ಸಲವಂತೆ ಬರ್ತಿರೋದು.”

“ಅಮ್ಮ, ಇಲ್ಲಿ ಎರಡೂ ಕಡೆಯವರಿಗೂ ಅವಕಾಶ ಕೊಡ್ಬೇಕು. ಬಂದ್ಲು, ಕುಟ್ಟಿದ್ಲು, ಹೋದ್ಲು ಅನ್ನೋಕೆ ಇದೇನು ಧಾರಾವಾಹಿನಾ? ನಿನ್ನ ಟೀವೀಲಿ ತೋರಿಸೋದೆಲ್ಲ ಸುಳ್ಳು.”

“ಸುಳ್ಳೇ ಇರ್ಲಿ ಕಣೇ. ‘ನಾಳೆ ನೋಡಿ’ ಅಂದ್ರೆ ಅವರು ನಾಳೆನೇ ತೋರಿಸ್ತಾರೆ.”

ಮಗಳಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಅಮ್ಮನಾದರೋ ಏನೂ ಆಗದವಳಂತೆ ಅವಳ ತಟ್ಟೆಗೆ ಇನ್ನಷ್ಟು ಬಡಿಸಿ, “ತಿನ್ನು, ಬೆಳಗ್ಗೆಯಿಂದ ಗಂಟಲು ಒಣಗಿಸ್ಕೊಂಡಿದ್ದೀಯ” ಎಂದಳು.

ಎರಡೂವರೆಗೆ ಪೀಠಕ್ಕೆ ಬಂದ ಮಗಳು ಮೊದಲು ಮಾಡಿದ ಕೆಲಸವೆಂದರೆ ಆ ಕೇಸನ್ನು ಮತ್ತೆ ಕೂಗಿಸಿದ್ದು. ವಕೀಲ ಕ್ಯಾಂಟೀನಿನಿಂದ ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದ. ಹೊರಗೆ ಮೆಟ್ಟಿಲ ಮೇಲೆ ಬಸ್ಸಿನ ಹೊತ್ತು ಕಾಯುತ್ತಿದ್ದ ದರ್ಜಿ, ತನ್ನಿಂದ ಏನು ತಪ್ಪಾಯಿತೋ ಎಂದು ಗಾಬರಿಯಿಂದ ಬಂದು ನಿಂತ. ಮಗಳು ಈ ಸಲ ತಲೆ ಎತ್ತಿ ಇಬ್ಬರನ್ನೂ ನೋಡಿದಳು.

“ಕಾಲಾವಕಾಶ ತಗೊಂಡಿದ್ದು ಸಾಕು, ವಕೀಲರೇ. ನಾಳೆ ಬೆಳಿಗ್ಗೆ ವಾದ ಮಾಡಿ. ಮಾಡದಿದ್ರೆ ಇರೋ ಕಾಗದ ನೋಡಿ ಆದೇಶ ಬರೀತೀನಿ.”

ವಕೀಲನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಿಂದಿನ ಬೆಂಚಿನಲ್ಲಿ ಅಮ್ಮ ‘ನನ್ನ ಮಗಳು’ ಎಂಬಂತೆ ಅಕ್ಕಪಕ್ಕದವರನ್ನೆಲ್ಲ ಒಮ್ಮೆ ನೋಡಿದಳು.

ದರ್ಜಿ ಮಾತ್ರ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದ. ಅದರಲ್ಲಿ ಒಂದರ ಕೆಳಗೊಂದು ಬರೆದಿದ್ದ ತಾರೀಕುಗಳ ಕೆಳಗೆ ಪೆನ್ನು ಇಟ್ಟು, ತಡವರಿಸುತ್ತ ಕೇಳಿದ:

“ನಾಳೆ ಅಂದ್ರೆ... ಯಾವ ತಿಂಗಳು, ತಾಯಿ?”